ಮೇಲ್ ಆ್ಯಪಿನ ಬಟನ್‌ಗಳು ಜಾಗ ಬದಲಿಸುವ ಮೊದಲು

ಪಣಂಬೂರಿನಲ್ಲಿ ಬಂದರಿನ ಕೆಲಸ ಮಾಡುವ ಒಂದು ಕ್ಲಿಯರಿಂಗ್ ಕಂಪನಿಯ (ಸರಕಿನ ಕಸ್ಟಮ್ಸ್ ಕಾಗದಪತ್ರ ಮಾಡಿಸಿಕೊಡುವವರು) ಐಟಿ ವಿಭಾಗ ನನ್ನದು. ಬರುವ ಕಚ್ಚಾ ಗೇರುಬೀಜ, ಹೋಗುವ ಕಾಫಿ, ಎರಡರ ಕಾಗದಪತ್ರವೂ ನಮ್ಮಲ್ಲಿ ಮೇಲ್‌ನಲ್ಲೇ ಓಡಾಡುತ್ತದೆ. ಆಫೀಸಿನಲ್ಲಿ ಕೂತವರಿಗೆ ಕಂಪ್ಯೂಟರ್ ಉಂಟು. ಬಂದರಿನ ಗೇಟಿನಲ್ಲಿ, ಕಂಟೇನರ್ ಯಾರ್ಡಿನಲ್ಲಿ, ಕಸ್ಟಮ್ಸ್ ಕೌಂಟರಿನ ಎದುರು ನಿಲ್ಲುವವರಿಗೆ ಫೋನೇ ಆಫೀಸು. ಅವರ ಫೋನಿನಲ್ಲಿರುವ ಮೈಕ್ರೋಸಾಫ್ಟಿನ ಮೇಲ್ ಆ್ಯಪ್ ಔಟ್‌ಲುಕ್‌ನಲ್ಲಿ ಸರ್ಚ್ ಬಟನ್ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಕೆಳಗಿನ ಬಟನ್‌ಗಳ ಸಾಲೂ ಬದಲಾಗುತ್ತದೆ ಎಂದು ಗೊತ್ತಾದ ದಿನವೇ ತಯಾರಿ ಶುರುಮಾಡಿದೆ. ಹಡಗಿಗೆ ಸರಕು ಒಪ್ಪಿಸುವ ಕೊನೆಯ ಹೊತ್ತು (ಕಟ್‌ಆಫ್) ಹತ್ತಿರ ಬಂದಾಗ, ರಫ್ತಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ಕಾಗದವಾದ ಶಿಪ್ಪಿಂಗ್ ಬಿಲ್ಲಿನ ಮೇಲ್ ಕೈಗೆ ಸಿಗದಿದ್ದರೆ ಲಾರಿ ಗೇಟಿನ ಹೊರಗೇ ನಿಲ್ಲಬೇಕು.

ಇಂಥ ಬದಲಾವಣೆಯ ಸುದ್ದಿ, ಐಟಿಯವರು ಕಂಪನಿಯ ಖಾತೆಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರಿನ ‘ಮೆಸೇಜ್ ಸೆಂಟರ್’ನಲ್ಲಿ ಮೊದಲೇ ಬರುತ್ತದೆ. ಅದನ್ನು ವಾರಕ್ಕೊಮ್ಮೆಯಾದರೂ ಓದುವ ಅಭ್ಯಾಸ ನನಗಿದೆ. ಆದರೆ ಅಲ್ಲಿ ಬರೆದದ್ದನ್ನು ಹಾಗೆಯೇ ಎಲ್ಲರಿಗೂ ಫಾರ್ವರ್ಡ್ ಮಾಡಿದರೆ ಯಾರೂ ಓದುವುದಿಲ್ಲ. ಓದಿದವರಿಗೂ ತಮ್ಮ ಕೆಲಸಕ್ಕೆ ಎಂತ ಸಂಬಂಧ ಎಂದು ತಿಳಿಯುವುದಿಲ್ಲ. ಅದಕ್ಕೆ ನಾನು ಮೊದಲು ಮಾಡಿದ್ದು ಗೇಟಿನ ಕಡೆ ಹೋಗಿ ಜನರ ಪಕ್ಕ ನಿಂತದ್ದು. “ಮೇಲ್ ತೆರೆದು ದಿನಾ ಎಂತ ಮಾಡ್ತೀರಿ, ಒಮ್ಮೆ ತೋರಿಸಿ” ಎಂದು ಕೇಳಿದೆ, ಅಷ್ಟೇ.

ನಮ್ಮಲ್ಲಿ ಜಿ ಕಾರ್ಡ್ (ಕಸ್ಟಮ್ಸ್ ಕೆಲಸಕ್ಕೆ ಕೊಡುವ ಒಂದು ಅನುಮತಿ ಕಾರ್ಡ್) ಇರುವ ಹಿರಿಯರೊಬ್ಬರಿದ್ದಾರೆ. ಅವರು ಆ್ಯಪ್ ತೆರೆದದ್ದೇ ಹೆಬ್ಬೆರಳು ಪರದೆಯ ಕೆಳಗಿನ ಸರ್ಚ್ ಬಟನ್ನಿಗೆ ಹೋಗಿ ಕೂತಿತು. ಕಣ್ಣು ಇದ್ದದ್ದು ಎದುರಿನ ಲಾರಿಯ ಮೇಲೆ. ಬಿಲ್ ನಂಬರ್ ಹೊಡೆದರು, ಪಿಡಿಎಫ್ ತೆರೆದರು, ಗೇಟಿನವರಿಗೆ ತೋರಿಸಿದರು. ಕ್ಯಾಲೆಂಡರ್, ಫೋಲ್ಡರ್ ಯಾವುದನ್ನೂ ಮುಟ್ಟುವವರೇ ಅಲ್ಲ. ಇನ್ನೊಬ್ಬ ಹುಡುಗನದು ಬೇರೆಯೇ ಕ್ರಮ. ಬೆಳಿಗ್ಗೆ ಬಂದ ಮೇಲ್‌ಗಳನ್ನೆಲ್ಲ ಬೆರಳಿನಿಂದ ಪಕ್ಕಕ್ಕೆ ಸರಿಸಿ ಖಾಲಿ ಮಾಡುತ್ತಾನೆ, ಉಳಿದದ್ದೇ ಅವನ ಆ ದಿನದ ಕೆಲಸದ ಪಟ್ಟಿ. ಒಂದೇ ಆ್ಯಪ್, ಆದರೆ ಇಬ್ಬರಿಗೂ ಹೇಳಬೇಕಾದ ಮಾತು ಬೇರೆ. ಒಬ್ಬರಿಗೆ ಸರ್ಚ್ ಎಲ್ಲಿ ಹೋಗುತ್ತದೆ ಎಂದು ಗೊತ್ತಾದರೆ ಸಾಕು. ಇನ್ನೊಬ್ಬನಿಗೆ ಬೆರಳು ಸರಿಸಿದಾಗ ಮೇಲ್ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರಬೇಕು.

ಎರಡನೆಯ ಸಂಗತಿ ತಾರೀಖಿನದು. ‘ಇಂಥ ದಿನ ಬದಲಾಗುತ್ತದೆ’ ಎಂದು ನಾನು ಎಲ್ಲಿಯೂ ಬರೆಯಲಿಲ್ಲ. ಆ್ಯಪ್‌ಗಳ ಹೊಸ ರೂಪ ಎಲ್ಲ ಫೋನಿಗೂ ಒಟ್ಟಿಗೆ ಬರುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಕಂಪನಿಗಳು ಅಪ್‌ಡೇಟನ್ನು ಶೇಕಡಾವಾರು ಬಿಡಬಹುದು. ಐಫೋನಿನಲ್ಲಿ ಹಂತಹಂತವಾಗಿ ಬಿಡುವ ಕ್ರಮ ಆರಿಸಿಕೊಂಡರೆ ಆಟೋ ಅಪ್‌ಡೇಟ್ ಇದ್ದವರಿಗೆ 7 ದಿನಗಳಲ್ಲಿ ಹೋಗುತ್ತದೆ, ಮೊದಲ ದಿನ 1%, ಕೊನೆಯ ದಿನ 100%. ಇದರ ಮೇಲೆ, ಆ್ಯಪ್ ಮೊದಲೇ ಬಂದು ಕೂತಿದ್ದರೂ ಹೊಸ ರೂಪವನ್ನು ಕಂಪನಿ ತನ್ನ ಸರ್ವರಿನಿಂದ ಒಂದೊಂದೇ ಖಾತೆಗೆ ಆನ್ ಮಾಡುವುದೂ ಉಂಟು. ಹಾಗಾಗಿ ಒಂದೇ ವರ್ಷನ್ ಇರುವ ಎರಡು ಫೋನುಗಳು ಬೇರೆಬೇರೆ ಕಾಣಬಹುದು. ಇದು ಗೊತ್ತಿಲ್ಲದವರು “ನನ್ನ ಫೋನ್ ಹಾಳಾಗಿದೆ” ಎಂದು ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ, ಆಮೇಲೆ ಪಾಸ್‌ವರ್ಡ್ ನೆನಪಾಗುವುದಿಲ್ಲ. ಅದಕ್ಕೆ ತಾರೀಖಿನ ಬದಲು ಗುರುತು ಹೇಳಿದೆ: “ಸರ್ಚ್ ಕೆಳಗೆ ಕಾಣದಿದ್ದರೆ ನಿಮಗೆ ಹೊಸತು ಬಂದಿದೆ ಎಂದು ಲೆಕ್ಕ. ಮೇಲೆ ನೋಡಿ. ಆ್ಯಪ್ ಡಿಲೀಟ್ ಮಾಡಬೇಡಿ.”

ಅದಕ್ಕೂ ಮೊದಲು ಒಂದೊಂದು ವಿಭಾಗದಿಂದ ಒಬ್ಬೊಬ್ಬರ ಫೋನನ್ನು ಬೀಟಾಕ್ಕೆ, ಅಂದರೆ ಎಲ್ಲರಿಗಿಂತ ಮೊದಲು ಬರುವ ಪರೀಕ್ಷಾ ರೂಪಕ್ಕೆ, ಸೇರಿಸಿದ್ದೆ. ಮೊಬೈಲಿನಲ್ಲಿ ಚುರುಕಾಗಿರುವವರನ್ನು ಬೇಕೆಂದೇ ಬಿಟ್ಟೆ. ಉಳಿದವರು ಸಂಕೋಚವಿಲ್ಲದೆ ಹೋಗಿ ಯಾರನ್ನು ಕೇಳುತ್ತಾರೋ ಅವರನ್ನು ಆರಿಸಿದೆ. ಬಿಲ್ಲಿಂಗ್‌ನ ಅಕ್ಕ ಒಬ್ಬರು ಫೋನಿನ ಅಕ್ಷರ ತುಂಬಾ ದೊಡ್ಡದು ಮಾಡಿಟ್ಟುಕೊಂಡಿದ್ದರು. ನನ್ನ ಫೋನಿನಲ್ಲಿ ಚೆಂದ ಕಂಡ ಪರದೆ ಅವರದರಲ್ಲಿ ಬೇರೆ ಥರ, ಹೆಸರುಗಳು ಅರ್ಧಕ್ಕೆ ಕತ್ತರಿಸಿಹೋಗಿದ್ದವು. ಹಾಗಾಗಿ ಸೂಚನಾ ಹಾಳೆಗೆ ಸ್ಕ್ರೀನ್‌ಶಾಟ್ ತೆಗೆದದ್ದು ಅವರ ಫೋನಿನಿಂದಲೇ. ನಮ್ಮಲ್ಲಿ ಐವತ್ತು ದಾಟಿದವರ ಫೋನುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ.

ಹಾಳೆ ಎಂದರೆ ಒಂದೇ ಪುಟ, ಕನ್ನಡದಲ್ಲಿ. ಎಡಕ್ಕೆ ಹಳೆಯ ಪರದೆ, ಬಲಕ್ಕೆ ಹೊಸತು, ನಡುವೆ ಬಾಣ. ‘ಸರ್ಚ್’, ‘ಆರ್ಕೈವ್’ (ಮೇಲನ್ನು ಅಳಿಸದೆ ಬೇರೆ ಫೋಲ್ಡರಿನಲ್ಲಿ ಎತ್ತಿಡುವುದು) ಪದಗಳನ್ನು ಹಾಗೆಯೇ ಇಟ್ಟೆ, ಫೋನಿನಲ್ಲಿ ಕಾಣುವುದೂ ಅದೇ. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಮಾತು: ಈ ಬದಲಾವಣೆಗೆ ಯಾರೂ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ, ನಮ್ಮ ಸೂಚನೆಯಲ್ಲಿ ಯಾವ ಲಿಂಕೂ ಇರುವುದಿಲ್ಲ. ‘ಮೇಲ್ ಬಾಕ್ಸ್ ಅಪ್‌ಡೇಟ್ ಮಾಡಿ’ ಎಂಬ ಕಳ್ಳ ಮೇಲ್‌ಗಳಿಗೆ ಜನ ಸುಲಭವಾಗಿ ಬಲಿಯಾಗುವುದು ನಿಜವಾಗಿಯೂ ಏನೋ ಬದಲಾಗುತ್ತಿರುವ ಹೊತ್ತಿನಲ್ಲೇ.

ಮಳೆಗಾಲದ ಮಾತನ್ನೂ ಹೇಳಬೇಕು. ಜೂನಿನಲ್ಲಿ ಗೇಟಿನ ಹುಡುಗರು ಫೋನನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಯೇ ಒತ್ತುತ್ತಾರೆ. ಒದ್ದೆ ಕವರಿನ ಮೇಲೆ ಬೆರಳು ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಜಾರುತ್ತದೆ. ಹೊಸ ಜಾಗ ಹುಡುಕುವ ಗಡಿಬಿಡಿಯಲ್ಲಿ ಮೇಲ್ ಪಕ್ಕಕ್ಕೆ ಸರಿದು ಮಾಯವಾದರೆ “ಡಿಲೀಟ್ ಆಯ್ತು ಸರ್” ಎಂದು ಫೋನ್ ಬರುವುದು ಖಂಡಿತ. ಅದಕ್ಕೆ ಸೆಟ್ಟಿಂಗ್ಸ್‌ನ ಸ್ವೈಪ್ ಆಯ್ಕೆಗೆ ಹೋಗಿ, ಅವರನ್ನು ಕೇಳಿಯೇ, ಗೇಟಿನವರ ಫೋನಿನಲ್ಲಿ ಎರಡೂ ಬದಿಯ ಸ್ವೈಪ್ ತೆಗೆದೆ. ಬೆಳಿಗ್ಗೆ ಸರಿಸಿ ಖಾಲಿ ಮಾಡುವ ಹುಡುಗನದ್ದು ಮಾತ್ರ ಮುಟ್ಟಲಿಲ್ಲ. ಆರ್ಕೈವ್ ಫೋಲ್ಡರ್ ತೆರೆದು, ಹೋದ ಮೇಲನ್ನು ಇನ್‌ಬಾಕ್ಸಿಗೆ ವಾಪಸ್ ತರುವುದನ್ನು ಅವನ ಕೈಯಿಂದಲೇ ಮಾಡಿಸಿದೆ.

‘ಫೋಕಸ್ಡ್’ ಮತ್ತು ‘ಅದರ್’ ಎಂದು ಇನ್‌ಬಾಕ್ಸ್ ಎರಡಾಗುವ ಸೌಲಭ್ಯವನ್ನೂ ಇದೇ ಸಮಯಕ್ಕೆ ಗೇಟಿನವರಿಗೆ ಆಫ್ ಮಾಡಿಸಿದೆ. ಆ್ಯಪ್ ತನಗೆ ಮುಖ್ಯವೆನಿಸಿದ್ದನ್ನು ಮೊದಲನೆಯದರಲ್ಲಿ, ಉಳಿದದ್ದನ್ನು ಎರಡನೆಯದರಲ್ಲಿ ಇಡುತ್ತದೆ. ಶಿಪ್ಪಿಂಗ್ ಲೈನಿನ (ಹಡಗು ಕಂಪನಿಯ) ಮೇಲ್ ‘ಅದರ್’ನಲ್ಲಿ ಅಡಗಿ ಕೂತರೆ ಅವರಿಗೆ ಅದು ಬಂದೇ ಇಲ್ಲ. ಹಿರಿಯರು ಒಂದೇ ಪಟ್ಟಿ ನೋಡಿದ್ದೇ, “ಇದು ಮೊದಲೇ ಮಾಡ್ಬಹುದಿತ್ತಲ್ಲ ಮಾರಾಯ್ರೆ” ಎಂದರು.

ಹೊಸ ರೂಪ ಹೆಚ್ಚಿನವರ ಫೋನಿಗೆ ಬಂದ ಮೇಲೂ ಹಾಳೆಯನ್ನು ತೆಗೆದಿಲ್ಲ. ಜಾಗ ಇಲ್ಲವೆಂದು ಆಟೋ ಅಪ್‌ಡೇಟ್ ಆಫ್ ಮಾಡಿಟ್ಟವರು ಇದ್ದೇ ಇದ್ದಾರೆ. ಅವರಿಗೆ ಅದು ಬರುವುದು ಫೋನ್ ಬದಲಿಸಿದ ದಿನ, ಉಳಿದವರೆಲ್ಲ ಮರೆತ ಮೇಲೆ. ಗೇಟಿನ ರಿಜಿಸ್ಟರ್ ಇಡುವ ಮೇಜಿನ ಗಾಜಿನ ಕೆಳಗೆ ಒಂದು ಪ್ರತಿ ಇದೆ, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಬಲಗಡೆಯ ಚಿತ್ರವನ್ನಷ್ಟೇ ತೋರಿಸುತ್ತೇವೆ.