ಹೇಳದೆ ಬಂದ ಸೂಟಿ: ಕೋಟೆ ಸುತ್ತು, ಜೋಳದ ಬ್ರೆಡ್ಡು

ಮುಂಜಾನೆ ಎದ್ದಮೇಲೆ ಇವತ್ತು ಸೂಟಿ ಅಂತ ಗೊತ್ತಾದರೆ ನಾನು ಮೊದಲು ಎಸರಿಡುತ್ತೇನೆ, ಚಪ್ಪಲಿ ಮೆಟ್ಟುವುದು ಆಮೇಲೆ. ಬ್ರೆಡ್ಡಿನ ಹಿಟ್ಟು ಉಬ್ಬಲು ಬೇಕಾದ ಎರಡೂವರೆ ತಾಸು ಕಲಬುರಗಿ ಕೋಟೆ, ಬಜಾರು ಸುತ್ತಿ ಬರಲು ಸರಿಹೋಗುತ್ತದೆ.

80 ಗ್ರಾಂ ಜೋಳದ ಹಿಟ್ಟಿಗೆ 120 ಮಿ.ಲೀ. ಕುದಿಯುವ ನೀರು ಹಾಕಿ, ರೊಟ್ಟಿಗೆ ಮಾಡುವ ಹಾಗೆಯೇ ಕಲಸಿಡಿ. ಜೋಳದಲ್ಲಿ ಗೋಧಿಯ ಗ್ಲುಟೆನ್, ಅಂದರೆ ಹಿಟ್ಟನ್ನು ಹಿಡಿದಿಡುವ ಅಂಟು, ಇಲ್ಲ. ಎಸರಿಗೆ ಪಿಷ್ಟ ಬೆಂದು ಜಿಗಿ ಬರುತ್ತದೆ, ಆ ಜಿಗಿ ನೀರು ಹಿಡಿದಿಡುತ್ತದೆ. ತಣ್ಣೀರಲ್ಲಿ ಕಲಸಿದ ಬ್ರೆಡ್ಡು ಮರುದಿನ ಚಾಕು ಇಟ್ಟ ಕೂಡಲೆ ಉದುರುತ್ತದೆ. ಹಿಟ್ಟು ಗಿರಣಿಯಿಂದ ಈಚೆಗೆ ತಂದದ್ದಿರಲಿ, ಹಳೆಯದಾದರೆ ಕಹಿ.

ಈ ಮುದ್ದೆ ಪೂರ್ತಿ ಆರಲೇಬೇಕು. ಬಿಸಿಯಲ್ಲೇ ಯೀಸ್ಟ್ ಬೆರೆಸಿದರೆ ಅದು ಸತ್ತುಹೋಗಿ, ನೀವು ಊರು ಸುತ್ತಿ ಬಂದರೂ ಹಿಟ್ಟು ಇದ್ದ ಹಾಗೇ ಇರುತ್ತದೆ. ಆರಿದ ಮೇಲೆ 320 ಗ್ರಾಂ ಮೈದಾ, 7 ಗ್ರಾಂ ಉಪ್ಪು, 10 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಮಡಕೆಯ ತಣ್ಣೀರು 135 ಮಿ.ಲೀ. ಸೇರಿಸಿ ಹತ್ತು ನಿಮಿಷ ನಾದಿ. ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ ಕೊನೆಗೆ. ಯೀಸ್ಟ್ ಕಡಿಮೆ ಆಯಿತೆಂದು ಒಂದು ಪೂರ್ತಿ ಚಮಚ ಹಾಕಬೇಡಿ. ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ ಅದು ನೀವು ಬಜಾರು ಮುಟ್ಟುವುದರೊಳಗೆ ಉಕ್ಕಿರುತ್ತದೆ. ಡಿಸೆಂಬರಿಗೆ ಅರ್ಧ ಚಮಚ ಬೇಕು.

ಬೇಸಿಗೆಯಲ್ಲಿ ಹಿಟ್ಟಿನ ಡಬ್ಬಿಯನ್ನು ನೀರಿನ ಪರಾತದಲ್ಲಿಟ್ಟು ಒದ್ದೆ ಬಟ್ಟೆ ಹೊದಿಸುತ್ತೇನೆ, ಬಟ್ಟೆಯ ಅಂಚು ನೀರಿನಲ್ಲಿ ಮುಳುಗಿರಬೇಕು. ಇಲ್ಲಿಯ ಒಣಗಾಳಿಗೆ ನೀರು ಆರುತ್ತಾ ಡಬ್ಬಿ ತಂಪಾಗಿರುತ್ತದೆ. ಮಳೆಗಾಲದಲ್ಲಿ ಈ ಉಪಾಯ ನಡೆಯದು.

ಕೋಟೆಗೆ ಬೆಳಿಗ್ಗೆಯೇ ಹೋಗಬೇಕು. ಅದರೊಳಗಿನ 1367ರ ಜಾಮಿ ಮಸೀದಿಗೆ ಬಹಳಷ್ಟು ಮಸೀದಿಗಳಂತೆ ನಡುವೆ ಬಯಲು ಅಂಗಳವಿಲ್ಲ, ಇಡೀ ಕಟ್ಟಡ ಗುಮ್ಮಟಗಳ ಕೆಳಗಿದೆ. ಅಗಲವಾದ, ಕುಳ್ಳ ಕಮಾನುಗಳ ಸಾಲಿನಲ್ಲಿ ನಿಂತರೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ಅದಕ್ಕೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುವುದು ಒಳ್ಳೆಯದು. ವಾಪಸು ಬರುವಾಗ ಕಿರಾಣಾ ಬಜಾರಿನಲ್ಲಿ 50 ಗ್ರಾಂ ಎಳ್ಳು. ಸಿಪ್ಪೆ ತೆಗೆದ ಬಿಳಿ ಎಳ್ಳು ಬೇಗ ಕರಕಲಾಗುತ್ತದೆ, ಸಜ್ಜೆ ರೊಟ್ಟಿಗೆ ಹಚ್ಚುವ ಸಿಪ್ಪೆಯಿರುವ ಎಳ್ಳೇ ಇರಲಿ.

ಮನೆಗೆ ಬಂದು ಹಿಟ್ಟಿನಲ್ಲಿ ಬೆರಳು ಒತ್ತಿ. ಗುಳಿ ನಿಧಾನ ಅರ್ಧ ತುಂಬಿದರೆ ಹದ. ಹಿಟ್ಟು ಕುಸಿದು ಹುಳಿ ವಾಸನೆ ಬಂದರೆ ಅದು ಬ್ರೆಡ್ಡಾಗಿ ಏಳುವುದಿಲ್ಲ. ಹಟ ಮಾಡದೆ ಚಪ್ಪಟೆ ತಟ್ಟಿ, ಎಳ್ಳು ಒತ್ತಿ, ಹಂಚಿನ ಮೇಲೆ ಸುಟ್ಟುಬಿಡಿ. ನನಗೇನೋ ಅದೇ ಹೆಚ್ಚು ರುಚಿ.

ಹದವಿದ್ದರೆ ಗಾಳಿ ಇಳಿಸಿ, ಸುರುಳಿ ಸುತ್ತಿ, ಎಣ್ಣೆ ಸವರಿದ ಟಿನ್ನಿಗೆ ಹಾಕಿ, ಮೇಲೆ ನೀರು ಸವರಿ ಎಳ್ಳು ಒತ್ತಿ. ಈ ಎರಡನೇ ಉಬ್ಬಿಗೆ ಬೇಸಿಗೆಯಲ್ಲಿ ಅರ್ಧ ತಾಸು ಸಾಕು. ಆಗ ಮಾತ್ರ ಮನೆ ಬಿಟ್ಟು ಕದಲಬಾರದು. ಮೊದಲೇ ಕಾಯಿಸಿದ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 200 ಡಿಗ್ರಿಗೆ 35 ನಿಮಿಷ. ತಳ ಬಡಿದರೆ ಪೊಳ್ಳು ಸದ್ದು ಬರಬೇಕು. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ಹತ್ತು ನಿಮಿಷ ಕಳೆದರೂ ಬರದಿದ್ದರೆ, ಕಾದ ದಪ್ಪ ಪಾತ್ರೆಯೊಳಗೆ ಟಿನ್ ಇಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಮುಗಿಸಬಹುದು. ನೆತ್ತಿ ಬಿಳಿಚಿಕೊಂಡಿರುತ್ತದೆ, ಅಷ್ಟೇ.

ಬಿಸಿಯಲ್ಲಿ ಕೊಯ್ದರೆ ಜೋಳದ ಭಾಗ ಚಾಕುವಿಗೆ ಅಂಟುತ್ತದೆ, ಒಂದೂವರೆ ತಾಸು ಬಿಡಬೇಕು. ಆ ಹೊತ್ತಿಗೆ ಬಿಸಿಲು ಇಳಿದಿದ್ದರೆ ಅಪ್ಪನ ಕೆರೆ ಕಡೆ ಒಂದು ಸುತ್ತು. ಬಂದಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು ತೆಗೆದಿಡಿ. ಬೆಣ್ಣೆ ಇದಕ್ಕೆ ಹೊಂದುವುದಿಲ್ಲ.