ಸೆರಾಮಿಕ್ ಪ್ಯಾಕೇಜಿಗೆ ಬೆಳ್ಳಿ ಪುಡಿ ಮಾಡುದು ಹೇಗೆ

ಸೆರಾಮಿಕ್ ಪ್ಯಾಕೇಜಿನ (ಅಂದ್ರೆ ಚಿಪ್ ಕೂರಿಸುವ ಸೆರಾಮಿಕ್ ಗೂಡು) ಒಳಗೆ ಕರೆಂಟ್ ಹೋಗುವ ಗೆರೆ ಉಂಟಲ್ಲ, ಅದು ತಂತಿ ಅಲ್ಲ, ಲೋಹದ ಪುಡಿಯ ಪೇಸ್ಟ್ ಪ್ರಿಂಟ್ ಮಾಡಿ ಸುಟ್ಟದ್ದು. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್ ಸೆರಾಮಿಕ್) ಹಾಳೆಯೊಟ್ಟಿಗೇ ಸುಡುದಾದ್ರೆ 1500 ಡಿಗ್ರಿ ದಾಟ್ಬೇಕು, ಬೆಳ್ಳಿ 961ಕ್ಕೇ ಕರಗ್ತದೆ, ಹಾಗಾಗಿ ಅಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಮ್ಮೇ ಗತಿ. 850ರ ಆಸುಪಾಸಲ್ಲಿ ಸುಡುವ ಎಲ್‌ಟಿಸಿಸಿ (ಕಡಿಮೆ ಬಿಸಿಗೇ ಸುಡುವ ಸೆರಾಮಿಕ್) ಹಾಳೆಗಾದ್ರೆ ಬೆಳ್ಳಿ ಸಾಕು. ತಾಮ್ರ ಅಗ್ಗ, ಆದ್ರೆ ಸುಡುವಾಗ ನೈಟ್ರೋಜನ್ ಬೇಕು, ಆ ರಗಳೆ ಈಗ ಬೇಡ.

ಪುಡಿ ಮಾಡ್ಲಿಕ್ಕೆ, ಬೆಳ್ಳಿಯ ಲವಣ ಸಿಲ್ವರ್ ನೈಟ್ರೇಟ್ 10 ಗ್ರಾಂ, ಅದರಿಂದ ಬೆಳ್ಳಿ ಬೇರೆ ಮಾಡ್ಲಿಕ್ಕೆ ಸುಮಾರು 6 ಗ್ರಾಂ ಆಸ್ಕಾರ್ಬಿಕ್ ಆಸಿಡ್, ಅದೇ ವಿಟಮಿನ್ ಸಿ. ಲೆಕ್ಕಕ್ಕೆ 5.2 ಸಾಕು, ಚೂರು ಹೆಚ್ಚು ಹಾಕಿದ್ರೆ ಬೆಳ್ಳಿ ನೀರಲ್ಲಿ ಉಳಿಯುದಿಲ್ಲ. ಬೇರೆ ಬೇರೆ ಕರಗಿಸಿ, ಆಸಿಡ್ ಇರುವ ಬೀಕರಿಗೆ ಸ್ವಲ್ಪ ಪಿವಿಪಿ (ಕಾಳು ಒಂದಕ್ಕೊಂದು ಅಂಟದ ಹಾಗೆ ತಡೆಯುವ ಪಾಲಿಮರ್) ಹಾಕಿ. ನೀರು ಡಿಸ್ಟಿಲ್ಡೇ ಆಗ್ಬೇಕು ಮಾರಾಯ್ರೆ, ನಮ್ಮ ಕಾಸರಗೋಡಿನ ಕಡಲ ಬದಿಯ ಬಾವಿ ನೀರು ಎಷ್ಟು ತಿಳಿ ಕಂಡ್ರೂ ಉಪ್ಪಿನ ಅಂಶ ಇರ್ತದೆ, ನೈಟ್ರೇಟಿಗೆ ಬಿದ್ದ ಕೂಡ್ಲೆ ಬೆಳ್ಳಗೆ ಕದಡ್ತದೆ, ಅದು ಸಿಲ್ವರ್ ಕ್ಲೋರೈಡ್, ಅಷ್ಟು ಬೆಳ್ಳಿ ಹೋಯ್ತು ಅಂತ ಲೆಕ್ಕ. ಗ್ಲೌಸ್ ಬೇಕೇ ಬೇಕು, ಇಲ್ಲದಿದ್ರೆ ಬೆರಳು ಕಪ್ಪಾಗಿ ದಿನಗಟ್ಲೆ ಹೋಗುದಿಲ್ಲ. ಕೆಲವರು ಅಮೋನಿಯ ಸೇರಿಸ್ತಾರೆ, ಆ ದ್ರಾವಣ ಇಟ್ಟಲ್ಲೇ ಹಳತಾದ್ರೆ ಸಿಡಿಯುವ ವಸ್ತು ಆಗ್ತದೆ, ಅದರ ಸಹವಾಸವೇ ಬೇಡ.

ಜೋರಾಗಿ ಕಲಕ್ತಾ ನೈಟ್ರೇಟನ್ನು ಒಮ್ಮೆಲೆ ಸುರಿದ್ರೆ ಕಾಳು ಸಣ್ಣ, ಹನಿ ಹನಿ ಬಿಟ್ರೆ ದೊಡ್ಡದು. ಹೆಚ್ಚಿನವರು ನುಣ್ಣಗೆ ಮಾಡುದರ ಹಿಂದೆಯೇ ಬೀಳ್ತಾರೆ, ನನ್ನ ಪ್ರಕಾರ ಅದು ಪ್ರಯೋಜನ ಇಲ್ಲ. ತೀರಾ ನುಣ್ಣಗಿನ ಪುಡಿ ಹಾಳೆಗಿಂತ ಮೊದ್ಲೇ ಕುಗ್ಗಿ ಹಾಳೆಯನ್ನೇ ಬಗ್ಗಿಸ್ತದೆ, ಇಲ್ಲ ಗೆರೆ ಎದ್ದು ಬರ್ತದೆ. ಒಂದು ಮೈಕ್ರಾನ್ ಹತ್ರ ಇದ್ರೆ ಧಾರಾಳ, ಆದ್ರೆ ಗಂಟು ಇರ್ಬಾರ್ದು.

ಗಂಟು ಹೆಚ್ಚಾಗಿ ಆಗುದು ಒಣಗಿಸುವಾಗ. ನಾಲ್ಕೈದು ಸಲ ತೊಳ್ದು, ಕಡೇ ಸಲ ಆಲ್ಕೋಹಾಲಲ್ಲಿ ತೊಳ್ದು, 60 ಡಿಗ್ರಿಯಲ್ಲಿ ಒಣಗಿಸಿ. ಆಟಿ ತಿಂಗಳ ಮಳೆಗೆ ಹೊರಗಿಟ್ರೆ ಬೆಲ್ಲದ ಹೆಂಟೆ ಆಗ್ತದೆ, ತೇವ ಹೀರುವ ಮುಚ್ಚಿದ ಪಾತ್ರೆ, ಡೆಸಿಕೇಟರ್‌ಗೆ ಸೇರಿಸಿ. ಗಂಟು ಕಂಡ್ರೆ ಕುಟ್ಟಾಣಿಯಲ್ಲಿ ಗುದ್ಬೇಡಿ, ಬೆಳ್ಳಿ ಮೆದು, ಒಡೆಯುವ ಬದ್ಲು ಚಪ್ಪಟೆಯಾಗಿ ಮಿಂಚ್ತದೆ. ಜರಡಿ ಹಿಡೀರಿ, ಆಚೆ ಉಳಿದದ್ದು ಬೇರೆ ಇಡಿ.

ಪೇಸ್ಟಿಗೆ ಟರ್ಪಿನಿಯಾಲ್ ಎಂಬ ದ್ರಾವಕದಲ್ಲಿ ಈಥೈಲ್ ಸೆಲ್ಯುಲೋಸ್ ಎಂಬ ಅಂಟು ಕರಗಿಸಿ ಪುಡಿ ಸೇರಿಸಿ ತ್ರೀ ರೋಲ್ ಮಿಲ್ಲಿಗೆ (ಮೂರು ಉರುಳೆಯ ನಡುವೆ ಅರೆಯುವ ಯಂತ್ರ) ಹಾಕಿ, 325 ಮೆಶ್ ಸ್ಕ್ರೀನಲ್ಲಿ ಪ್ರಿಂಟ್ ಮಾಡಿ 120ರಲ್ಲಿ ಒಣಗಿಸಿ. ಸುಡುವಾಗ 450ರ ತನಕ ನಿಧಾನ ಏರಿಸಿ, ಅಂಟು ಉರಿದು ಹೋಗ್ಬೇಕಲ್ಲ, ಅವಸರ ಮಾಡಿದ್ರೆ ಗುಳ್ಳೆ ಏಳ್ತದೆ. ಗೆರೆಯ ರೆಸಿಸ್ಟೆನ್ಸ್ ನೋಡ್ಲಿಕ್ಕೆ ಸಾದಾ ಮಲ್ಟಿಮೀಟರ್ ಆಗುದಿಲ್ಲ, ಅದು ತನ್ನ ವಯರಿನದ್ದನ್ನೇ ಸೇರಿಸಿ ತೋರಿಸ್ತದೆ, ಫೋರ್ ಪ್ರೋಬ್ (ನಾಲ್ಕು ಮೊನೆಯಿಂದ ಅಳೆಯುವ ಸಾಧನ) ಇದ್ದಲ್ಲಿ ಅಳೀರಿ.