ಪಿಯುಸಿಯಿಂದ ಅಮೆರಿಕದ ಕಾಲೇಜಿಗೆ: ಪೂರ್ತಿ ನೆರವು ಸಿಕ್ಕಿದ ಲೆಕ್ಕಾಚಾರ

ಅಂತರರಾಷ್ಟ್ರೀಯ ಪಠ್ಯಕ್ರಮದ ಐಬಿ ಶಾಲೆಯ ಮಕ್ಕಳನ್ನು ಬಿಟ್ಟರೆ ಅಮೆರಿಕದ ಒಳ್ಳೆಯ ಕಾಲೇಜು ಯಾರಿಗೂ ದಕ್ಕುವುದಿಲ್ಲ, ಪಿಯುಸಿ ಮಕ್ಕಳ ಕೈಲಿ ಅರ್ಜಿ ಹಾಕಿಸುವುದು ದುಡ್ಡು ದಂಡ ಎಂದು ನನ್ನಂತೆ ಹೊರದೇಶದ ಕಾಲೇಜಿನ ಅರ್ಜಿಗೆ ಸಲಹೆ ಕೊಡುವ ಗೆಳೆಯರು ಹೇಳುತ್ತಿದ್ದರು. ಈ ಸಾಲಿನಲ್ಲಿ ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಿಂದ, ಅಡಿಕೆ ಬೆಳೆಗಾರರ ಮನೆಯ ಹುಡುಗಿಗೆ ವರ್ಷಕ್ಕೆ 80 ಸಾವಿರ ಡಾಲರ್ ಆಸುಪಾಸಿನ ನೆರವಿನೊಂದಿಗೆ ಸೀಟು ಬಂದಿದೆ. ಅರ್ಧ ಕೆಲಸ ಆದದ್ದು ಕಾಲೇಜುಗಳ ಪಟ್ಟಿ ಮಾಡುವಾಗಲೇ.

ಹೆಚ್ಚಿನವರ ಪಟ್ಟಿ ನೀಡ್-ಬ್ಲೈಂಡ್ ಹೆಸರುಗಳಿಂದಲೇ ತುಂಬಿರುತ್ತದೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್. ನೆರವು ಕೇಳಿದ ಕಾರಣಕ್ಕೆ ಇವು ಅರ್ಜಿ ತಳ್ಳುವುದಿಲ್ಲ, ನಿಜ. ಆದರೆ ಎಂಐಟಿಯಲ್ಲಿ ಹೊರದೇಶದ ನೂರು ಅರ್ಜಿಗೆ ಸೀಟು ಸಿಗುವುದು ಸುಮಾರು ಎರಡಕ್ಕೆ. ಇಂಥವು ಒಂದೆರಡು ಸಾಕು. ಮಿಕ್ಕಿದ್ದಕ್ಕೆ ಆಯಾ ಕಾಲೇಜಿನ ಕಾಮನ್ ಡೇಟಾ ಸೆಟ್ (ಕಾಲೇಜು ತನ್ನ ಅಂಕಿಅಂಶ ಪ್ರಕಟಿಸುವ ಕಡತ) ತೆಗೆದು ನೇರವಾಗಿ ಅದರ ಎಚ್6 ಭಾಗಕ್ಕೆ ಹೋಗಿ. ಹೊರದೇಶದ ಎಷ್ಟು ಮಂದಿಗೆ ನೆರವು, ಸರಾಸರಿ ಎಷ್ಟು ಎಂದು ಅಲ್ಲಿರುತ್ತದೆ. ಹೊರದೇಶದವರ ಒಟ್ಟು ಸಂಖ್ಯೆ ಅದೇ ಕಡತದ ಬಿ2 ಭಾಗದ ಮೊದಲ ಸಾಲಿನಲ್ಲಿ. 250 ಮಂದಿಯಲ್ಲಿ 200 ಜನಕ್ಕೆ ಸರಾಸರಿ 70 ಸಾವಿರ ಡಾಲರ್ ಕೊಟ್ಟಿದ್ದರೆ ಪಟ್ಟಿಯಲ್ಲಿಡಿ. 400ರಲ್ಲಿ 40 ಎಂದಿದ್ದರೆ ಅದು ಫೀಸು ಕಟ್ಟುವವರ ಕಾಲೇಜು, ರ‍್ಯಾಂಕಿಂಗ್ ಎಷ್ಟೇ ಮೇಲಿರಲಿ ಕೈಬಿಡಿ. ಸರಾಸರಿ 20 ಸಾವಿರವಿದ್ದರೂ ಬೇಡ, ಉಳಿದ 60 ಸಾವಿರ ಮನೆಯಿಂದ ಹೋಗಬೇಕು. ಎಚ್6ರಲ್ಲಿ ನಾಲ್ಕೂ ವರ್ಷದವರು ಸೇರಿರುತ್ತಾರೆ. ನಾಲ್ಕರಿಂದ ಭಾಗಿಸಿದರೆ ಒಂದು ಸಾಲಿನ ಸೀಟು ತಿಳಿಯುತ್ತದೆ. ಕೊನೆಗೆ ಉಳಿದ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದೇ ಸೀಮೆಯಿಂದ ಹತ್ತು ಅರ್ಜಿ ಹೋದರೆ ಮುಂದಿನ ಮಕ್ಕಳಿಗೇ ಪೆಟ್ಟು.

ಅರ್ಜಿಗಳು ಬಿದ್ದುಹೋಗುವುದು ಮನೆಯ ಆದಾಯ, ಆಸ್ತಿ ತಿಳಿಸಿ ನೆರವು ಕೇಳುವ ಅರ್ಜಿಯಾದ ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ. ರೂಪಾಯಿಯಲ್ಲೇ ತುಂಬಿ, ಡಾಲರಿಗೆ ನೀವೇ ಪರಿವರ್ತಿಸಬೇಡಿ. ತೋಟಕ್ಕೆ ಪೇಟೆ ಬೆಲೆ ಹಾಕಿ ಸುಮ್ಮನಾದರೆ, ಮಾರಿ ಫೀಸು ಕಟ್ಟಬಹುದಾದ ಆಸ್ತಿ ಎಂದು ಅಲ್ಲಿನವರು ಓದಿಕೊಳ್ಳುತ್ತಾರೆ. ಪಹಣಿಯ 9ನೇ ಕಾಲಂನಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಹೆಸರೂ ಜಂಟಿಯಾಗಿದ್ದರೆ ಅಪ್ಪನ ಪಾಲಿನ ಬೆಲೆಯನ್ನಷ್ಟೇ ಬರೆಯಿರಿ. 11ನೇ ಕಾಲಂನ ಸೊಸೈಟಿ ಸಾಲವನ್ನು ಸಾಲದ ಕಡೆ ತೋರಿಸಿ. ಭಾಗವಾಗದ ಜಮೀನು ಎಂದು ಕೊನೆಯ ವಿಶೇಷ ಪರಿಸ್ಥಿತಿ ವಿಭಾಗದಲ್ಲಿ ನಾಲ್ಕು ಸಾಲು ವಿವರಿಸಿ. ಕೃಷಿ ಆದಾಯಕ್ಕೆ ಐಟಿ ರಿಟರ್ನ್ ಇರುವುದಿಲ್ಲ, ಅದರ ಬದಲು ನಾಡಕಚೇರಿಯ ಆದಾಯ ಪ್ರಮಾಣಪತ್ರ, ಮಂಡಿ ಬಿಲ್ಲು, ಬ್ಯಾಂಕ್ ಪಾಸ್‌ಬುಕ್. ಸ್ಕಾಲರ್‌ಶಿಪ್ಪಿಗೆಂದು ಹಿಂದೆ ಮಾಡಿಸಿದ ಪ್ರಮಾಣಪತ್ರವನ್ನೇ ಕಳಿಸಿದರೆ ಬಿಲ್ಲಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಹೊಸದು ಮಾಡಿಸಿ. ಈಗ ನೆರವು ಬೇಡ ಎಂದು ಗುರುತು ಹಾಕಿ ಸೇರಿದ ಮೇಲೆ ಕೇಳೋಣ ಎಂಬ ಸಲಹೆಯಂತೂ ಅಪಾಯ: ನೆರವು ಕೇಳಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸೀಟು ಕೊಡುವ ನೀಡ್-ಅವೇರ್ ಕಾಲೇಜುಗಳಲ್ಲಿ ಬಹುಪಾಲು ಕಡೆ ಆಮೇಲೆ ನಾಲ್ಕು ವರ್ಷವೂ ಸಿಗುವುದಿಲ್ಲ.

ಅಂಕಪಟ್ಟಿ 9ನೇ ತರಗತಿಯಿಂದ ಬೇಕು. ಒಂಬತ್ತರದ್ದನ್ನು ಯಾರೂ ಇಟ್ಟುಕೊಂಡಿರುವುದಿಲ್ಲ, ಜೂನ್‌ನಲ್ಲೇ ಹೈಸ್ಕೂಲಿಗೆ ಹೋಗಿ ಲೆಟರ್‌ಹೆಡ್ ಮೇಲೆ ಬರೆಸಿ, ಎಚ್‌ಎಂ ಸಹಿ, ಸೀಲು ಹಾಕಿಸಿ. ಅರ್ಜಿಯಲ್ಲಿ ಶಾಲೆಯ ಕೌನ್ಸೆಲರ್ ಎಂದು ಕೇಳುವ ಜಾಗದಲ್ಲಿ ಪ್ರಿನ್ಸಿಪಾಲರ ಹೆಸರು ಹಾಕಿ. ಅವರ ಜಿಮೇಲ್ ಬೇಡ, ಕಾಲೇಜಿನದೇ ಮೇಲ್ ಇರಲಿ. ಪಿಯು ಕಾಲೇಜನ್ನು ಪರಿಚಯಿಸುವ ಒಂದು ಪುಟದ ಸ್ಕೂಲ್ ಪ್ರೊಫೈಲ್ ನೀವೇ ಕರಡು ಮಾಡಿಕೊಡಿ. 85 ದಾಟಿದರೆ ಡಿಸ್ಟಿಂಕ್ಷನ್, ಕಾಲೇಜಿನಲ್ಲಿ 95 ದಾಟಿದವರು ಎಷ್ಟು ಜನ ಎಂದು ಬರೆಯದಿದ್ದರೆ ಶೇ. 92 ಅಲ್ಲಿ ಸಾಧಾರಣ ಅಂಕದಂತೆ ಕಾಣುತ್ತದೆ. ಪ್ರೊಫೈಲ್‌ನಲ್ಲಿ ನಾನು ಹಾಕಿಸುವ ಇನ್ನೊಂದು ಕೋಷ್ಟಕವಿದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅರ್ಜಿಯಲ್ಲಿ ಪಾಠದ ಹೊರಗಿನ ಚಟುವಟಿಕೆಗೆ ಹತ್ತು ಜಾಗ, ಒಂದಕ್ಕೆ 150 ಅಕ್ಷರ. ಸಿಇಟಿ ಕೋಚಿಂಗಿನ ನಡುವೆ ಏನೂ ಮಾಡಿಲ್ಲ ಎನ್ನುವ ಮಕ್ಕಳು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದಿರುತ್ತಾರೆ. ಕುಟುಂಬದ ಜವಾಬ್ದಾರಿ ಎಂಬ ವಿಭಾಗವೇ ಇದೆ. ವಾರಕ್ಕೆ 10 ಗಂಟೆ, ವರ್ಷಕ್ಕೆ 50 ವಾರ, ಎಷ್ಟು ಹಸು, ದಿನಕ್ಕೆ ಎಷ್ಟು ಲೀಟರ್ ಎಂದು ಅಂಕಿಯಲ್ಲಿ ಬರೆಸಿ.

ಒಂದು ಪ್ರಯೋಗವೂ ಮಾಡಿದೆ. ಲೆಕ್ಚರರ್‌ಗಳ ಇಂಗ್ಲಿಷ್ ಶಿಫಾರಸು ಪತ್ರವೆಂದರೆ ‘ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಒಬೀಡಿಯೆಂಟ್’ ಅಷ್ಟೇ. ಕೆಮಿಸ್ಟ್ರಿ ಮೇಡಂಗೆ ಕನ್ನಡದಲ್ಲೇ ಬರೆಯಿರಿ ಎಂದೆ. ಟೈಟ್ರೇಷನ್ ರೀಡಿಂಗ್ ಪಕ್ಕದವರದ್ದಕ್ಕೆ ಹೊಂದದಿದ್ದಾಗ ಹುಡುಗಿ ತನ್ನದನ್ನು ತಿದ್ದದೆ ಬ್ಯುರೆಟ್ ತೊಳೆದು ಮತ್ತೆ ಮಾಡಿದ್ದು ಆ ಪತ್ರದಲ್ಲಿ ಬಂತು. ಇಂಗ್ಲಿಷ್ ಲೆಕ್ಚರರ್ ಅನುವಾದಿಸಿದರು, ಎರಡನ್ನೂ ಒಂದೇ ಪಿಡಿಎಫ್ ಮಾಡಿ ಮೇಡಂ ಅಪ್‌ಲೋಡ್ ಮಾಡಿದರು. ಇನ್ನು ಮುಂದೆ ಎಲ್ಲರಿಗೂ ಹೀಗೇ ಮಾಡಿಸುತ್ತೇನೆ.

ಖರ್ಚು ನೆನಪಿದ್ದಷ್ಟು: ಎಸ್‌ಎಟಿ ಪ್ರವೇಶ ಪರೀಕ್ಷೆಗೆ 110 ಡಾಲರ್ ಹತ್ತಿರ, ಡ್ಯುಯೊಲಿಂಗೊ ಇಂಗ್ಲಿಷ್ ಪರೀಕ್ಷೆಗೆ 70, ಸಿಎಸ್‌ಎಸ್ ಮೊದಲ ಕಾಲೇಜಿಗೆ 25, ಆಮೇಲೆ ತಲಾ 16. ಗ್ರಿನೆಲ್, ಕಾರ್ಲ್‌ಟನ್, ಕೋಲ್ಬಿಗಳಲ್ಲಿ ಅರ್ಜಿ ಶುಲ್ಕವೇ ಇಲ್ಲ. ಇಂಥವನ್ನು ಹೆಚ್ಚು ಆರಿಸಿಕೊಂಡರೆ ಹನ್ನೆರಡು ಕಾಲೇಜಿಗೆ ಒಟ್ಟು 60-70 ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಸೀಟು ಬಂದ ಮೇಲೆ ಹೊರದೇಶದ ವಿದ್ಯಾರ್ಥಿಗಳ ದಾಖಲೆಗೆ ಅಮೆರಿಕ ಸರ್ಕಾರ ಪಡೆಯುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿ 185. ವೀಸಾಗೆಂದು ಕಾಲೇಜು ಕೊಡುವ ಐ-20 ಪತ್ರದಲ್ಲಿ ಕಾಲೇಜಿನ ನೆರವು ನಮೂದಾಗಿರುತ್ತದೆ, ಮಿಕ್ಕ ಮೊತ್ತಕ್ಕೆ ಮಾತ್ರ ಬ್ಯಾಂಕಿನ ಪತ್ರ ತೋರಿಸಿದರಾಯಿತು.